ರೆಕ್ಕೆ ಟೈಲರನ ಭಾರದ ಕೋಟು

ಎಲ್ಲಕ್ಕೂ ಮೂಲ ಒಂದು ಹಿತ್ತಾಳೆ ಗುಂಡಿ.

ಭಾನುವಾರ ಬೆಳಿಗ್ಗೆ ಗ್ಲೈಡರ್ ಮೈದಾನದಲ್ಲಿ ಹಾರಾಟ ಕಲಿಸುವ ಮೇಡಂ, ಟೈಲರನ ಅಂಗಡಿಗೆ ಬಂದದ್ದು ಸಮವಸ್ತ್ರಕ್ಕೆ ಕಿತ್ತುಹೋದ ಗುಂಡಿ ಹಾಕಿಸಿಕೊಂಡು ಹೋಗಲು, ಅಷ್ಟೆ. ಗುಂಡಿ ಹಾಕಿ ದಾರ ಕಡಿದು ಕಳಿಸಿದ್ದರೆ ಟೈಲರ್ ಅವತ್ತು ಮಧ್ಯಾಹ್ನ ಉಂಡು ಸುಖವಾಗಿ ಮಲಗಬಹುದಿತ್ತು. ಆದರೆ ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಹೆಂಡತಿ. ಹೆಂಡತಿಗೆ ಬಾಯಿ.

"ಮೈದಾನ ಮುಚ್ತಾರಂತೆ, ನಿಜವೇ ಮೇಡಂ?" ಅಂತ ಆಕೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಹೌದಮ್ಮ. ನಾಳೆ ಲಾರಿ ಬರುತ್ತೆ. ರೆಕ್ಕೆ ಬಿಚ್ಚಿ ಹೇರ್ಕೊಂಡು ಹೋಗ್ತಾರೆ. ಈ ವರ್ಷ ಒಬ್ಬ ಕೆಡೆಟ್ಟೂ ಸೇರಲಿಲ್ಲ, ಇನ್ನು ಯಾರಿಗೆ ಕಲಿಸೋದು? ಇವತ್ತು ಕೊನೇ ಹಾರಾಟ. ಹಳೇ ಕೆಡೆಟ್ ಒಬ್ಬರನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗೋಣ ಅಂತ ಆಸೆ. ಯಾರಾದ್ರೂ ಇದ್ದಾರಾ?"

"ಯಾರಾದ್ರೂ ಏನು, ನಿಮ್ಮ ಗುಂಡಿ ಹೊಲೀತಿರೋರೇ ಇದ್ದಾರಲ್ಲ! ಹುಡುಗ್ರಾಗಿದ್ದಾಗ ಒಬ್ರೇ ಹಾರಿದ್ದಾರೆ. ಹಿಂದಿನ ಸೀಟಲ್ಲಿ ನರಪಿಳ್ಳೆ ಇರ್ಲಿಲ್ಲ. ಊರೆಲ್ಲ ರೆಕ್ಕೆ ಟೈಲರ್ ಅನ್ನೋದು ಸುಮ್ನೇನಾ?"

ಸೂಜಿ ಟೈಲರನ ಹೆಬ್ಬೆರಳಿಗೆ ಇಳಿಯಿತು.

"ಹೌದಾ!" ಮೇಡಂ ಮುಖ ಅರಳಿತು. "ಮಧ್ಯಾಹ್ನ ಮೂರಕ್ಕೆ ಬನ್ನಿ. ತಕ್ಕಡಿ ಮೇಲೆ ನಿಲ್ಲಿಸ್ತೀನಿ. ತೂಕ ಸರಿಯಿದ್ರೆ ಹಾರೋದೇ."

ಆಕೆ ಹೋದಮೇಲೂ ಟೈಲರ್ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕೂತಿದ್ದ. ಅವನು ಕೆಡೆಟ್ ಆಗಿದ್ದದ್ದು ಸುಳ್ಳಲ್ಲ. ಮೈದಾನದಲ್ಲಿ ಮೂರು ವರ್ಷ ಬೆವರು ಸುರಿಸಿದ್ದೂ ಸುಳ್ಳಲ್ಲ. ಗ್ಲೈಡರಿಗೆ ಎಂಜಿನ್ ಇಲ್ಲ, ನೆಲದ ಮೇಲೆ ಒಂದೇ ಗಾಲಿ. ಮೈದಾನದ ಆ ತುದಿಯಿಂದ ಯಂತ್ರ ಹಗ್ಗ ಸುತ್ತಿಕೊಂಡು ಗ್ಲೈಡರನ್ನು ಎಳೆಯುವಾಗ ಅದು ಒಂದು ಪಕ್ಕಕ್ಕೆ ವಾಲದಂತೆ ಯಾರಾದರೂ ರೆಕ್ಕೆಯ ತುದಿ ಹಿಡಿದು ಜೊತೆಗೆ ನಾಲ್ಕು ಮಾರು ಓಡಬೇಕು. ಹಾಗೆ ಓಡಿದವನು ಇವನು. ಗ್ಲೈಡರ್ ಮೇಲೇಳುತ್ತಿತ್ತು, ಇವನು ಹುಲ್ಲಿನಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಒಳಗೆ ಕೂರುವ ಸರದಿ ಬಂದಾಗಲೆಲ್ಲ ಇವನಿಗೆ ಹೊಟ್ಟೆನೋವು ಬರುತ್ತಿತ್ತು. ಅಟ್ಟಕ್ಕೆ ಏಣಿ ಇಟ್ಟರೆ ಮೂರನೇ ಮೆಟ್ಟಿಲಿಗೇ ಕಣ್ಣು ಕತ್ತಲೆ ಬರುವ ಮನುಷ್ಯ!

ಮದುವೆಗೆ ಮುಂಚೆ ಮಾವನವರು, "ಹುಡುಗ ಬಟ್ಟೆ ಹೊಲಿಯೋದು ಬಿಟ್ಟು ಬೇರೇನಾದ್ರೂ ಮಾಡಿದ್ದಾನಾ?" ಅಂತ ಕೇಳಿದಾಗ ಯಾವುದೋ ಧೈರ್ಯದಲ್ಲಿ "ಒಬ್ಬನೇ ಹಾರಿದ್ದೀನಿ" ಅಂದುಬಿಟ್ಟಿದ್ದ. ಆ ಒಂದು ಮಾತಿನ ಮೇಲೇ ಹೆಣ್ಣು ಕೊಟ್ಟರು. ಹೆಂಡತಿ ಆ ಮಾತನ್ನು ಇಷ್ಟು ವರ್ಷ ಬೆಳ್ಳಿ ಲೋಟದ ಹಾಗೆ ತಿಕ್ಕಿ ತಿಕ್ಕಿ ಹೊಳಪು ಮಾಡಿಟ್ಟಿದ್ದಳು. ಈಗ ಅದು ಬರೀ ತವರ ಅಂತ ಹೇಳುವುದು ಹೇಗೆ?

ಅಷ್ಟರಲ್ಲಿ ಬೇಕರಿಯವನು ಬಂದ. ಆಗಿನ ಕಾಲದಲ್ಲಿ ಮೈದಾನದ ಆ ತುದಿಯಲ್ಲಿ ಹಗ್ಗದ ಯಂತ್ರ ನಡೆಸುತ್ತಿದ್ದವನು ಅವನೇ. ಅಲ್ಲಿಂದ ನೋಡಿದರೆ ಹಗ್ಗ ಕಾಣುತ್ತಿತ್ತೇ ಹೊರತು ಗ್ಲೈಡರಿನೊಳಗೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಟೈಲರನ ಮಾನ ಉಳಿದದ್ದೇ ಆ ದೂರದಿಂದ.

"ಲೋ ರೆಕ್ಕೆ, ಇವತ್ತು ನೀನು ಹಾರ್ತೀಯಂತೆ, ನಿನ್ನ ಅದೃಷ್ಟ ಕಣೋ," ಅಂತ ಬೆಂಚಿನ ಮೇಲೆ ಕುಕ್ಕರಿಸಿದ. ಬೆಂಚು ಕಿರುಗುಟ್ಟಿತು. "ಬೆಳಿಗ್ಗೆ ನಾನೂ ಹೋಗಿದ್ದೆ. ತಕ್ಕಡಿ ಹತ್ತಿದ್ದೇ ತಡ, ಮುಳ್ಳು ಕೆಂಪು ಗೆರೆ ದಾಟ್ಕೊಂಡು ಆ ಕಡೆ ಓಡ್ತು. ಭಾರ ಜಾಸ್ತಿ, ಆಗಲ್ಲ ಅಂದ್ಬಿಟ್ರು. ಹಗ್ಗದ ಯಂತ್ರಕ್ಕಾದ್ರೂ ಬನ್ನಿ ಅಂದ್ರು, ಹೋಗ್ತೀನಿ. ಏನ್ ಕಾಲ ಹೋಯ್ತೋ! ಆಗ ಒಂದು ಸರದಿಗೆ ಎಷ್ಟು ಜನ ಹುಡುಗ್ರು ಬೆಳಕು ಹರಿಯೋಕೆ ಮುಂಚೆ ಗೇಟಿನ ಹತ್ರ ಕಾಯ್ತಿದ್ರು. ಈಗಿನವು ಫೋನಲ್ಲೇ ವಿಮಾನ ಹಾರಿಸ್ತಾವೆ. ಬಿದ್ರೆ ಮತ್ತೆ ಮೊದಲಿಂದ ಶುರು."

ಟೈಲರನ ಕಿವಿ ನಿಂತದ್ದು ಒಂದೇ ಮಾತಿನ ಮೇಲೆ.

"ಭಾರ ಜಾಸ್ತಿಯಾದ್ರೆ ವಾಪಸ್ ಕಳಿಸ್ತಾರಾ?"

"ನನ್ನನ್ನೇ ಕಳಿಸಿಲ್ವಾ?"

ಟೈಲರ್ ಕನ್ನಡಿ ನೋಡಿಕೊಂಡ. ಅಳತೆ ಕೋಲಿಗೆ ಅಂಗಿ ತೊಡಿಸಿದ ಹಾಗಿದ್ದ. ಆದರೆ ಮನಸ್ಸಿದ್ದರೆ ಮಾರ್ಗ.

"ನಿನ್ನ ಬೇಕರಿ ತೂಕದ ಬಟ್ಟುಗಳಿವೆಯಲ್ಲ, ಸಂಜೆವರೆಗೂ ಕೊಡು. ಬಟ್ಟೆ ಮಡಿಕೆ ಕೂರಿಸ್ಬೇಕು," ಅಂದ.

"ಅಷ್ಟೂನಾ?"

"ದಪ್ಪ ಬಟ್ಟೆ."

ಬಟ್ಟುಗಳ ಹಿಂದೆಯೇ ಒಂದು ಬುಟ್ಟಿ ಬನ್ನೂ ಬಂತು. ಟೈಲರ್ ಬಾಗಿಲು ಹಾಕಿಕೊಂಡು ಹಳೆಯ ಕೆಡೆಟ್ ಕೋಟನ್ನು ಟ್ರಂಕಿನಿಂದ ತೆಗೆದ. ಒಳಪದರ ಬಿಚ್ಚಿದ. ಬೆನ್ನಿಗೆ ದೊಡ್ಡ ಬಟ್ಟುಗಳು, ಪಕ್ಕಕ್ಕೆ ಸಣ್ಣವು, ಅಂಚಿನ ಸುತ್ತ ಹಳೇ ಹೊಲಿಗೆ ಯಂತ್ರದ ಕಬ್ಬಿಣದ ಚೂರುಗಳು. ಒಂದೊಂದಕ್ಕೂ ಬೇರೆ ಬೇರೆ ಗೂಡು ಹೊಲಿದು, ಅಲುಗಾಡದಂತೆ, ಸದ್ದು ಬರದಂತೆ, ಎರಡೆರಡು ಸಲ ಹೊಲಿಗೆ ಹಾಕಿದ. ಇಷ್ಟು ಚೆಂದದ ಕೆಲಸವನ್ನು ಅವನು ಮದುವೆ ಸೂಟಿಗೂ ಮಾಡಿರಲಿಲ್ಲ. ಆಮೇಲೆ ಬನ್ನಿನ ಬುಟ್ಟಿಯನ್ನು ಖಾಲಿ ಮಾಡಿದ, ಒಂದು ಚೊಂಬು ನೀರು ಕುಡಿದ, ಕೋಟು ತೊಟ್ಟು ಎದ್ದ. ಎದ್ದ ಅನ್ನುವುದಕ್ಕಿಂತ ಗೋಡೆ ಹಿಡಿದು ಮೇಲೆ ಬಂದ ಅನ್ನಬೇಕು.

"ಕೋಟು ಹಾಕ್ಕೊಂಡ್ರೆ ನಡಿಗೇನೇ ಬದಲಾಗುತ್ತೆ ನೋಡಿ," ಅಂದಳು ಹೆಂಡತಿ. "ಏನು ಗಾಂಭೀರ್ಯ!"

ಟೈಲರ್ ಗೋಡೆ ಹಿಡಿದೇ ಬಾಗಿಲ ಕಡೆಗೆ ಒಂದೊಂದೇ ಹೆಜ್ಜೆ ಎತ್ತಿಟ್ಟ.

ಮೈದಾನದಲ್ಲಿ ಹುಲ್ಲು ಮೊಣಕಾಲವರೆಗೆ ಬೆಳೆದಿತ್ತು. ಶೆಡ್ಡಿನ ಬಾಗಿಲಿಗೆ ತುಕ್ಕು. ಒಳಗೆ ಹುಡುಗರ ಹೆಲ್ಮೆಟ್ಟುಗಳಿದ್ದ ಗೂಡುಗಳಲ್ಲಿ ಗುಬ್ಬಿಗಳ ಸಂಸಾರ. ನಡುವೆ ಬಿಳಿಯ ಗ್ಲೈಡರ್ ಮಾತ್ರ ಒಂದು ರೆಕ್ಕೆ ನೆಲಕ್ಕೂರಿ, ದಣಿದ ಕೊಕ್ಕರೆಯಂತೆ ಕೂತಿತ್ತು. ಅದನ್ನು ಕಂಡೊಡನೆ ಟೈಲರನ ಎದೆ ಒಂದು ಸಲ ಚುರ್ ಅಂದಿತು. ಕೈ ತಾನಾಗಿ ರೆಕ್ಕೆಯ ತುದಿ ಸವರಿತು. ಸುದ್ದಿ ಕೇಳಿ ಬೀದಿಯ ಮಕ್ಕಳೂ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಹತ್ತಿ ಕೂತಿದ್ದವು.

"ಬನ್ನಿ, ತಕ್ಕಡಿ," ಅಂದರು ಮೇಡಂ.

ಟೈಲರ್ ಹುಮ್ಮಸ್ಸಿನಿಂದ ಹತ್ತಿದ. ಮುಳ್ಳು ಎದ್ದಿತು, ಒಂದು ಕೆಂಪು ಗೆರೆ ದಾಟಿತು. ಅವನ ಜೀವಕ್ಕೆ ಜೀವ ಬಂತು. ಮುಳ್ಳು ನಡುಗಿ ನಿಂತಿತು.

"ಗೆರೆ ದಾಟ್ತು! ಅಯ್ಯೋ, ಏನ್ ಮಾಡೋದು ಮೇಡಂ, ನನ್ನ ಹಣೇಬರಹ..."

"ಭಲೇ!" ಅಂದರು ಮೇಡಂ. "ಅಲ್ಲೊಂದು ಗೆರೆ, ಇಲ್ಲೊಂದು ಗೆರೆ ಇದೆ, ನೋಡಿ. ನಡುವೆ ಇರ್ಬೇಕು. ಮುಂದಿನ ಸೀಟು ಹಗುರಾದ್ರೆ ಮೂತಿ ಮೇಲೆದ್ದು ಅಪಾಯ. ಬೆಳಿಗ್ಗೆ ನಿಮ್ಮನ್ನ ನೋಡಿ ನಾನು ಇವರು ಈ ಗೆರೆ ಮುಟ್ಟೋದೇ ಇಲ್ಲ ಅಂದ್ಕೊಂಡಿದ್ದೆ. ಕೂದಲೆಳೆಯಷ್ಟು ದಾಟಿದ್ದೀರಿ. ಒಂದು ಬನ್ ಕಮ್ಮಿ ತಿಂದಿದ್ರೂ ವಾಪಸ್ ಕಳಿಸ್ಬೇಕಾಗಿತ್ತು."

ಟೈಲರ್ ಕೋಟಿನ ಗುಂಡಿಗೆ ಕೈ ಹಾಕಿದ. ಬರೀ ಅಂಗಿಯಲ್ಲಿ ಬಂದಿದ್ದರೆ ಈ ಹೊತ್ತಿಗೆ ಮನೆಯಲ್ಲಿರಬಹುದಿತ್ತು!

"ಸೆಕೆ... ಕೋಟು ತೆಗೆದಿಟ್ಟು ಇನ್ನೊಂದ್ಸಲ..." ಅಂದ. ಹೆಂಡತಿ ಕೋಟು ಇಸಿದುಕೊಳ್ಳಲು ಎರಡೂ ಕೈ ಚಾಚಿದಳು. ಕೋಟು ಆ ಕೈಗೆ ಬಿದ್ದರೆ ಕೈಯೂ ಮುರಿಯುತ್ತದೆ, ಮಾನವೂ ಮುರಿಯುತ್ತದೆ. ಟೈಲರ್ ಗುಂಡಿಗಳನ್ನು ಭದ್ರವಾಗಿ ಹಾಕಿಕೊಂಡ.

"ಬೇಡ. ಮೇಲೆ ಚಳಿ ಇರುತ್ತೆ."

"ನೋಡಿದ್ರಾ, ಎಲ್ಲಾ ನೆನಪಿದೆ ಇವರಿಗೆ!" ಅಂದಳು ಹೆಂಡತಿ.

ರೆಕ್ಕೆ ಹಿಡಿಯಲು ಕೆಡೆಟ್ಟುಗಳಿಲ್ಲ. ಹೆಂಡತಿಯೇ ಸೆರಗು ಸಿಕ್ಕಿಸಿ ನಿಂತಳು. ಒಳಗೆ ಪಟ್ಟಿ ಬಿಗಿಸಿಕೊಂಡು ಕೂತ ಟೈಲರ್ ನಡುಗುವ ದನಿಯಲ್ಲೇ ಕೂಗಿದ: "ಸಮ ಹಿಡಿಯೇ! ಎಳೀಬೇಡ, ಜೊತೆಗೆ ಓಡು. ಅದಾಗೇ ಕೈಬಿಡುತ್ತೆ." ಇದೊಂದು ವಿದ್ಯೆ ಅವನಿಗೆ ನಿಜವಾಗಿ ಬರುತ್ತಿತ್ತು.

ಆ ತುದಿಯಲ್ಲಿ ಬೇಕರಿಯವನು ಯಂತ್ರ ಶುರು ಮಾಡಿದ. ಹಗ್ಗ ಬಿಗಿಯಿತು. ಆಮೇಲೆ ನೆಲ ಹಿಂದಕ್ಕೆ ಓಡಿತು, ಆಕಾಶ ಎದುರಿಗೆ ಬಂತು, ಬನ್ನು ಗಂಟಲಿಗೆ ಬಂತು. ಮೇಲೆ ಹಗ್ಗ ಟಕ್ಕನೆ ಕಳಚಿದಾಗ ಟೈಲರ್ "ಅಮ್ಮಾ!" ಅಂತ ಕಿರುಚಿ ಕಣ್ಣು ಮುಚ್ಚಿದ.

ಆಮೇಲೆ ಸದ್ದೇ ಇಲ್ಲ. ಬರೀ ಗಾಳಿ ಸುಯ್ಯೆನ್ನುತ್ತಿತ್ತು. ಒಂದು ಕಣ್ಣು ತೆರೆದ. ಗಾಳಿಯ ದಿಕ್ಕು ತೋರಿಸಲು ಗಾಜಿನ ಮೇಲೆ ಅಂಟಿಸಿದ್ದ ಕೆಂಪು ನೂಲು ನೆಟ್ಟಗೆ ಹಾರುತ್ತಿತ್ತು. ಇನ್ನೊಂದು ಕಣ್ಣು ತೆರೆದ. ಕೆಳಗೆ ಹೊಲಗಳು ಕತ್ತರಿಸಿಟ್ಟ ಬಟ್ಟೆ ತುಂಡುಗಳಂತೆ ಹಾಸಿದ್ದವು. ಅವುಗಳ ಅಂಚಿಗೆ ಅವನ ಅಂಗಡಿ ಒಂದು ಗುಂಡಿಯಷ್ಟಾಗಿತ್ತು. ಮೂರು ವರ್ಷ ಓಡಿ ಓಡಿ ತಾನು ಇದನ್ನೇ ಬಿಟ್ಟುಕೊಟ್ಟಿದ್ದು!

"ಮೇಡಂ," ಅಂದ ಮೆಲ್ಲಗೆ. "ನಾನು ಬರೀ ರೆಕ್ಕೆ ಹಿಡೀತಿದ್ದವನು. ಯಾವತ್ತೂ ಹಾರಿಲ್ಲ."

ಹಿಂದಿನ ಸೀಟಿನಿಂದ ನಗು ಕೇಳಿಸಿತು. "ಗೊತ್ತಾಯ್ತು. ಒಬ್ಬರೇ ಹಾರಿದೋರು ಹಗ್ಗ ಬಿಟ್ಟಾಗ ಅಮ್ಮನ್ನ ಕರೆಯಲ್ಲ."

"ನಮ್ಮನೇಲಿ..."

"ಮಾತು ಕೊಡ್ತೀನಿ. ನನ್ನ ಬಾಯಿಂದ ಹೊರಗೆ ಬರಲ್ಲ."

ಗ್ಲೈಡರ್ ಹುಲ್ಲಿನ ಮೇಲೆ ಇಳಿದು ನಿಲ್ಲುವಷ್ಟರಲ್ಲಿ ಗೋಡೆಯ ಮೇಲಿದ್ದ ಮಕ್ಕಳೆಲ್ಲ ಧುಮುಕಿ ಓಡಿ ಬಂದವು. "ಮೇಡಂ, ನಾನೂ ಸೇರ್ತೀನಿ!" "ನಂಗೆ ಮೊದಲು!" ಟೈಲರ್ ಅಂಕಲ್ಲೇ ಹಾರಿದಮೇಲೆ ಇನ್ನು ಯಾರು ಬೇಕಾದರೂ ಹಾರಬಹುದು ಅನ್ನುವ ಧೈರ್ಯ ಅವಕ್ಕೆ.

ಮೇಡಂ ಕಣ್ಣು ಹೊಳೆಯಿತು, ಮರುಗಳಿಗೆಗೆ ಮಂಕಾಯಿತು. "ಇಷ್ಟು ಜನ ಸೇರಿದ್ರೆ ಲಾರಿ ವಾಪಸ್ ಕಳಿಸ್ಬಹುದು. ಆದ್ರೆ ಎಲ್ಲಾ ಕಡ್ಡಿಗಳು, ಯಾರೂ ಗೆರೆ ಮುಟ್ಟಲ್ಲ. ಸೀಟಿಗೆ ಹಾಕ್ತಿದ್ದ ಭಾರದ ಚೀಲಗಳನ್ನ ಇಲಿ ತಿಂದುಹಾಕಿವೆ."

ಇತ್ತ ಹೆಂಡತಿ ಪ್ರೀತಿಯಿಂದ ಗಂಡನ ಕೋಟು ಕಳಚಿದಳು. ಕಳಚಿದವಳು ಕೋಟಿನ ಜೊತೆಗೇ ಹುಲ್ಲಿನ ಮೇಲೆ ಕೂತುಬಿಟ್ಟಳು.

"ಏನ್ರೀ ಇದು! ಕಲ್ಲು ತುಂಬಿದ್ದೀರಾ?"

ಟೈಲರ್ ನಿಂತಲ್ಲೇ ಬೆವತ. ಮೇಡಂ ಬಗ್ಗಿ ಒಳಪದರ ಸವರಿ ನೋಡಿದರು. ಒಂದೊಂದು ಗೂಡು, ಒಂದೊಂದು ಬಟ್ಟು, ಎರಡೆರಡು ಹೊಲಿಗೆ.

"ಭಾರದ ಕೋಟು!" ಅಂದರು. "ಚೀಲಕ್ಕಿಂತ ಚೆನ್ನಾಗಿದೆ, ಜರುಗೋದೇ ಇಲ್ಲ. ಮಕ್ಕಳಿಗೆಲ್ಲ ಹೀಗೇ ಹೊಲಿದುಕೊಟ್ರೆ ಮೈದಾನ ಉಳೀತು!"

"ಹಗುರಾದ್ರೆ ಹಾರೋ ಹಾಗಿಲ್ಲ ಅಂತ ಇವರಿಗೆ ಮೊದಲೇ ಗೊತ್ತಿತ್ತು, ನೋಡಿ," ಹೆಂಡತಿ ಹುಲ್ಲು ಕೊಡವುತ್ತಾ ಎದ್ದಳು. ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಒಬ್ರೇ ಹಾರಿದೋರಿಗೆ ಬಿಟ್ರೆ ಬೇರೆ ಯಾರಿಗೆ ಗೊತ್ತಿರುತ್ತೆ ಇದೆಲ್ಲ? ಮಕ್ಕಳೇ, ಕೆಡೆಟ್ಟಾಗಿ ಕಲೀರಿ. ಮೊದಲ ದಿನ ಅಂಕಲ್ಲು ಒಬ್ರೇ ಹಾರಿ ತೋರಿಸ್ತಾರೆ!"

ಮಕ್ಕಳು ಹೋ ಅಂದವು. ಟೈಲರ್ ಮುಳುಗುವವನಂತೆ ಮೇಡಂ ಕಡೆ ನೋಡಿದ.

"ನಾನೇನೂ ಹೇಳೋ ಹಾಗಿಲ್ಲ," ಅಂದರು ಮೇಡಂ, ನಗು ತಡೆಯುತ್ತಾ. "ಮೇಲೆ ಮಾತು ಕೊಟ್ಟುಬಿಟ್ಟಿದ್ದೀನಿ. ನಾಳೆ ಬೆಳಿಗ್ಗೆ ಬೇಗ ಬನ್ನಿ, ಮೊದಲಿಂದ ಅಭ್ಯಾಸ ಶುರು ಮಾಡೋಣ."

ಅಷ್ಟರಲ್ಲಿ ಮೈದಾನದ ಆ ತುದಿಯಿಂದ ಬೇಕರಿಯವನು ಏದುಸಿರು ಬಿಡುತ್ತಾ ಬಂದ. "ಲೋ ರೆಕ್ಕೆ, ನನ್ನ ಬಟ್ಟು ಕೊಡೋ. ಅಂಗಡೀಲಿ ಹೆಂಡ್ತಿ ಬ್ರೆಡ್ಡನ್ನ ಕೈಯಲ್ಲೇ ತೂಗಿ ಮಾರ್ತಿದ್ದಾಳಂತೆ!"

ಟೈಲರ್ ಹುಲ್ಲಿನಲ್ಲಿ ಕೂತು, ಜೇಬಿನಿಂದ ಕತ್ತರಿ ತೆಗೆದು, ಹೊಲಿಗೆ ಬಿಚ್ಚಲು ಶುರು ಮಾಡಿದ. ಹೊತ್ತು ಇಳಿಯಿತು. ಒಂದು ಬಟ್ಟೂ ಹೊರಗೆ ಬರಲಿಲ್ಲ. ತನ್ನ ಹೊಲಿಗೆ ಇಷ್ಟು ಗಟ್ಟಿ ಅಂತ ಅವನಿಗೆ ಗೊತ್ತಾದದ್ದೇ ಅವತ್ತು.