ಸೊನ್ನೆಗಿಂತ ಹಗುರಾದ ಹೊಗೆಕಣಕ್ಕೆ

ಮಾನ್ಯ ಹೊಗೆಕಣ ಮಹಾಶಯರೇ,

ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲಾಗಿ, ಕೇವಲ ಎಂಬತ್ತು ನ್ಯಾನೋಮೀಟರ್ ಗಾತ್ರದಲ್ಲಿ ಬೆಸುಗೆ ಶೆಡ್ಡಿನ ತುಂಬ ವಿಹರಿಸುತ್ತಿರುವ ತಮ್ಮ ಸನ್ನಿಧಾನಕ್ಕೆ, ತಮ್ಮನ್ನು ಅಳೆಯುವುದೇ ಹೊಟ್ಟೆಪಾಡಾದ ಈ ಪ್ರಯೋಗಾಲಯದ ಹೆಂಗಸಿನ ಅನಂತ ನಮಸ್ಕಾರಗಳು.

ನಮ್ಮ ಇಂಪ್ಯಾಕ್ಟರ್ ಯಂತ್ರದಲ್ಲಿ ಒಂದರ ಕೆಳಗೊಂದು ಹತ್ತು ತಟ್ಟೆಗಳಿದ್ದು, ಪಂಪು ಎಳೆದ ಗಾಳಿ ಪ್ರತಿ ತಟ್ಟೆಯೆದುರೂ ಗಕ್ಕನೆ ತಿರುಗಬೇಕಾಗುತ್ತದೆ. ದಪ್ಪ ಕಣಗಳು, ಪಾಪ, ತಿರುಗಲಾರದೆ ಮೂಗು ಜಜ್ಜಿಕೊಂಡು ಅಲ್ಲೇ ಕೂರುತ್ತವೆ. ತಾವೋ, ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಅರೆದು ಕುಡಿದವರಂತೆ ಒಂಬತ್ತು ತಟ್ಟೆಗಳಿಂದ ನುಣುಚಿಕೊಂಡು ಹತ್ತನೆಯದರ ಮೇಲೆ ಮಾತ್ರ ಕೃಪೆದೋರುತ್ತೀರಿ. ಭೇಷ್!

ತಾವು ಜಾರಿಹೋಗದಿರಲೆಂದು ತಟ್ಟೆಗೆ ತೆಳ್ಳಗೆ ಗ್ರೀಸ್ ಸವರಿ, ಗಾಳಿ ಎಳೆಯುವ ಮೊದಲೊಮ್ಮೆ ಆಮೇಲೊಮ್ಮೆ ತೂಗಿ, ಹೆಚ್ಚಿದ್ದೇ ತಮ್ಮ ತೂಕವೆಂದು ಬರೆದುಕೊಳ್ಳುವುದು ನಮ್ಮ ಪದ್ಧತಿ. ಆ ಶೆಡ್ಡಿನಲ್ಲಿ ಬೆಸುಗೆ ಹಾಕುವವನು ನನ್ನ ಒಡಹುಟ್ಟಿದ ಅಣ್ಣ. ಅವನ ಕೆಮ್ಮಿನ ಸಾಕ್ಷಿ ಒಂದು ಚೂರೂ ತಪ್ಪಿಸಿಕೊಳ್ಳಬಾರದೆಂಬ ಆತುರದಲ್ಲಿ ಬ್ರೆಡ್ಡಿಗೆ ಬೆಣ್ಣೆ ಬಳಿದಂತೆ ಬಳಿದುಬಿಟ್ಟೆ. ನಾಲ್ಕು ಗಂಟೆ ಪಂಪು ಎಳೆಯುವಷ್ಟರಲ್ಲಿ ಗ್ರೀಸೇ ಆವಿಯಾಗಿ, ತಾವು ಲಕ್ಷೋಪಲಕ್ಷ ಮಂದಿ ಬಂದು ಕುಳಿತ ಮೇಲೂ ತಟ್ಟೆ ಮೊದಲಿಗಿಂತ ಹಗುರಾಯಿತು. ತಪ್ಪು ನನ್ನದೆಂದು ನಾನು ಬಾಯಿ ಬಡಿದುಕೊಳ್ಳುವ ಮೊದಲೇ ವರದಿ ಶೆಡ್ಡಿನ ಮ್ಯಾನೇಜರ ಕೈಸೇರಿತ್ತು. ಹೊಗೆ ಸೊನ್ನೆಗಿಂತ ಕಡಿಮೆಯಿದ್ದರೆ ಬೆಸುಗೆಯಿಂದ ಗಾಳಿ ಶುದ್ಧವಾಗುತ್ತಿದೆಯೆಂದೇ ಅರ್ಥ ಎಂದು ಆ ಪುಣ್ಯಾತ್ಮರು, ಹೊಗೆಯನ್ನು ಹೊರದೂಡುತ್ತಿದ್ದ ಒಂದೇ ಒಂದು ಫ್ಯಾನನ್ನೂ ಬಿಚ್ಚಿಸಿ ಗೋದಾಮಿಗೆ ಸಾಗಿಸಿದರು.

ಅಣ್ಣ ಬೈಯಲಿಲ್ಲ. “ನಿನ್ನ ಲೆಕ್ಕ ಚೆನ್ನಾಗೇ ಇದೆ ಕಣೆ. ನನ್ನ ಎದೆಗೆ ಅದನ್ನ ಯಾರು ಓದಿ ಹೇಳ್ತಾರೆ?” ಎಂದಷ್ಟೇ ಹೇಳಿ ಕೆಮ್ಮತೊಡಗಿದ. ನಾಚಿಕೆಯಿಂದ ನಾನು ಅಂದೇ ತಮಗೆ ಈ ಪತ್ರ ಬರೆಯಲು ಕುಳಿತೆ.

ಆದಕಾರಣ ತಾವು ದಯಮಾಡಿ ಹೊಟ್ಟೆತುಂಬ ಉಂಡು, ತಕ್ಕಡಿಗೆ ಕಾಣುವಷ್ಟಾದರೂ ಮೈತುಂಬಿಕೊಳ್ಳಬೇಕು. ಅದಾಗದಿದ್ದರೆ ಹತ್ತನೇ ತಟ್ಟೆಯ ಮೇಲೆ ಒಬ್ಬೊಬ್ಬರಾಗಿ ಹಾಜರಿ ಕೂಗಬೇಕು. ಅದೂ ಆಗದಿದ್ದರೆ ಅಣ್ಣನ ಮೂಗಿನ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಬಹುದೇ ಎಂದು ಕೇಳಿ, ಅವನು ಬೇಡವೆಂದರೆ ಮರ್ಯಾದೆಯಿಂದ ಹಿಂದಿರುಗಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಗ್ರೀಸ್ ಸವರುವವಳು

ತಾ.ಕ. (ಕೆಲದಿನಗಳ ನಂತರ ಸೇರಿಸಿದ್ದು): ತಮ್ಮ ಉತ್ತರ ಬಾರದ್ದರಿಂದ, ಇಷ್ಟು ಶುದ್ಧ ಗಾಳಿಯನ್ನು ಬೆಸುಗೆಯವರೇ ಕುಡಿಯುವುದು ಅನ್ಯಾಯ, ಮ್ಯಾನೇಜರ ಮೇಜನ್ನೂ ಶೆಡ್ಡಿನ ನಡುವೆ ಹಾಕಿಸಬೇಕು ಎಂದು ಮಾಲೀಕರಿಗೆ ಅರ್ಜಿ ಕೊಟ್ಟೆ. ಅವರು ಸಂತೋಷದಿಂದ ಒಪ್ಪಿದರು. ಮೇಜು ಶೆಡ್ಡಿನ ಬಾಗಿಲು ದಾಟುವ ಮೊದಲೇ ಫ್ಯಾನ್ ಗೋದಾಮಿನಿಂದ ಮರಳಿ ಬಂದು ತಿರುಗತೊಡಗಿತ್ತು. ತಮ್ಮ ತೂಕವೆಷ್ಟೆಂದು ಈ ಸಲ ಮ್ಯಾನೇಜರು ಕೇಳಲೇ ಇಲ್ಲ.