ಬದು ಇಲ್ಲದ ಊರಿನಲ್ಲಿ ನನ್ನ ಬೇಸಾಯ

ನನಗೆ ದಾರಿ ತಪ್ಪುವುದಿಲ್ಲ. ಇದು ಜಂಬವಲ್ಲ, ಸಾಕ್ಷ್ಯಾಧಾರ ಇರುವ ಮಾತು ಎಂದು ಹೋದ ವರ್ಷದ ಬೇಸಿಗೆಯವರೆಗೂ ನಂಬಿದ್ದೆ.

ಹೈಸ್ಕೂಲಿನಿಂದ ದಾವಣಗೆರೆಯ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಕೂಡ್ಲಿಗಿಯ ನಮ್ಮ ಮನೆಯಲ್ಲಿ ಸಾಲಾಗಿ ನಿಂತಿವೆ. ಅವ್ವ ಒಂದರಲ್ಲಿ ಸೇಫ್ಟಿ ಪಿನ್ನು, ಇನ್ನೊಂದರಲ್ಲಿ ಊದುಬತ್ತಿ ಇಟ್ಟಿದ್ದಾಳೆ. "ಈ ಮಾಹಿತಿ ಎಲ್ಲಿಯದು? ಯಾವ ವರ್ಷದ್ದು? ಹೇಳಿದವರು ಯಾರು?" ಎಂಬ ಪ್ರಶ್ನೆಗಳನ್ನು ಬೀಸಿ ನಾನು ಎಂಥೆಂಥ ಎದುರಾಳಿಗಳ ಬಾಯಿ ಮುಚ್ಚಿಸಿದವಳು. ಮಳೆ ಬರುವಂತಿದೆ, ಬಟ್ಟೆ ತೆಗೆ ಎಂದು ಅವ್ವ ಕೂಗಿದರೂ ಆಧಾರ ಕೇಳುತ್ತೇನೆ. ಎಷ್ಟೋ ಸಲ ಬಟ್ಟೆ ನೆನೆದಿವೆ. ವಾದ ಮಾತ್ರ ಸೋತಿಲ್ಲ!

ಆ ರಜೆಯಲ್ಲಿ ನಾನು ಬೇಸಾಯಕ್ಕೆ ಇಳಿದೆ. ಫೋನಿನಲ್ಲಿ.

ಅದೊಂದು ಆಟ. ಒಂದು ಕಣಿವೆ, ಅದರಲ್ಲಿ ನಮಗೊಂದು ಪಾಳು ಹೊಲ. ಬಿತ್ತಬಹುದು, ನೀರು ಹಾಯಿಸಬಹುದು, ಕುರಿ ಕೋಳಿ ಸಾಕಬಹುದು. ನನಗೆ ಬೆಳೆಗಿಂತ ಹೆಚ್ಚು ಹುಚ್ಚು ಹಿಡಿಸಿದ್ದು ಅದರ ನಕ್ಷೆ. ಶುರುವಿನಲ್ಲಿ ಕಣಿವೆಯೆಲ್ಲ ಮಂಜು ಮುಚ್ಚಿಕೊಂಡಿರುತ್ತದೆ. ನೀವು ಕಾಲಿಟ್ಟ ಕಡೆ ಮಂಜು ಸರಿದು ಒಂದು ಜಾಗ ತೆರೆದುಕೊಳ್ಳುತ್ತದೆ: ಬೀಜದ ಅಂಗಡಿ, ಗಾಳಿಗಿರಣಿ, ಮುರಿದ ಸೇತುವೆ, ಸೇತುವೆಯಾಚೆ ಜೇನಿನ ಕಾಡು, ಕಾಡಿನ ಹಿಂದೆ ಬೆಟ್ಟದ ಕೆರೆ, ಕೆರೆಯ ಬುಡದಲ್ಲಿ ಗುಹೆ. ಎಲ್ಲ ಜಾಗಕ್ಕೂ ಹೆಸರು, ಎಲ್ಲ ಹೆಸರಿಗೂ ಬಾಣದ ಗುರುತು. ಯಾರನ್ನೂ ದಾರಿ ಕೇಳಬೇಕಾಗಿಲ್ಲ. ನಾನು ಗುಹೆ ಹುಡುಕಲು ಹೋದಾಗ ನನ್ನ ಕುಂಬಳಬಳ್ಳಿಗಳು ನೀರಿಲ್ಲದೆ ಒಣಗಿದವು. ಒಣಗಲಿ. ಭೂಗೋಳ ಮುಖ್ಯ.

ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಕಣಿವೆಯನ್ನು ಇಂಚಿಂಚು ತೋರಿಸಿದ ಮೇಲೆ ಅವಳು ಕನ್ನಡಕ ಸರಿಮಾಡಿಕೊಂಡು ಕೇಳಿದಳು.

"ಎಲ್ಲಾ ಛಲೋ ಐತಿ. ಬದು ಎಲ್ಲೈತಿ?"

"ಇದರಾಗ ಬದು ಇರಂಗಿಲ್ಲಜ್ಜಿ. ಪೂರಾ ಕಣಿವಿ ನಂದೇ."

"ಬದು ಇಲ್ಲದ ಹೊಲ ಎಲ್ಯಾರ ಇರತೈತೇನು? ಹಂಗಾದ್ರ ಈ ಊರಾಗ ಜಗಳ ಯಾತರ ಮ್ಯಾಲೆ ಮಾಡ್ತಾರ?"

ಜಗಳವೇ ಇಲ್ಲ ಎಂದೆ. ಹಾಗಾದರೆ ಅದು ಊರೇ ಅಲ್ಲ ಎಂದು ಅಜ್ಜಿ ತೀರ್ಪು ಕೊಟ್ಟಳು. ಆಮೇಲೆ ಕುರಿಗಳ ಮೇಲೆ ಅವಳ ಕಣ್ಣು ಬಿತ್ತು. ರಾತ್ರಿ ಎಲ್ಲಿ ಮಲಗುತ್ತವೆ ಎಂದಳು, ಕೊಟ್ಟಿಗೆಯಲ್ಲಿ ಎಂದೆ. ಹೊಲಕ್ಕೆ ಗೊಬ್ಬರ? ಅಂಗಡಿಯಲ್ಲಿ ಸಿಗುತ್ತದೆ ಎಂದೆ. ಆಟದ ಕುರಿಗಳು ಹುಲ್ಲು ತಿನ್ನುತ್ತವೆ, ಉಣ್ಣೆ ಕೊಡುತ್ತವೆ. ನಡುವೆ ಆಗಬೇಕಾದದ್ದು ಆಗುವುದೇ ಇಲ್ಲ.

"ಕುರಿ ಇಟ್ಕೊಂಡು ಗೊಬ್ಬರ ಅಂಗಡ್ಯಾಗ ತರ್ತೀಯಲ್ಲೇ," ಎಂದು ಅಜ್ಜಿ ನಕ್ಕಳು. "ನಿನ್ನ ಕೈಯಾಗ ಖರೇ ಹೊಲ ಕೊಟ್ರ ಹೆಂಗವ್ವಾ ವಕೀಲಮ್ಮ?"

ನಕ್ಷೆ ಓದಬಲ್ಲವರಿಗೆ ಎಲ್ಲ ಹೊಲವೂ ಒಂದೇ ಎಂದು ಘೋಷಿಸಿದೆ. ಸವಾಲು ಅಲ್ಲಿಂದ ಶುರುವಾಯಿತು.

ಖರೇ ಹೊಲದ ಬಗ್ಗೆ ಒಂದು ಮಾತು. ನಮ್ಮದು ಹೊಸಹಳ್ಳಿ ಕಡೆ ಇದೆ. ಅಪ್ಪ ಮತ್ತು ದೊಡ್ಡಪ್ಪ ಪಾಲಾದ ಮೇಲೆ ಇಬ್ಬರ ಹೊಲಗಳೂ ಅಕ್ಕಪಕ್ಕ ಬಂದವು. ನಡುವೆ ಒಂದು ಬದು. ಆ ಬದು ಯಾರ ಕಡೆಗೆ ಎಷ್ಟು ವಾಲಿದೆ ಎಂಬ ವಿಷಯದಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ಪಾಲಾದಾಗಿನಿಂದ ನಾನು ಹಾಸ್ಟೆಲಿನಲ್ಲಿದ್ದವಳು, ಹೊಲದ ಕಡೆ ತಲೆ ಹಾಕಿರಲಿಲ್ಲ.

ನಮ್ಮ ಕಡೆ ಬಿತ್ತನೆಗೆ ಮುಂಚೆ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಕುರಿಗಾರರ ಹಿಂಡು ಒಂದು ರಾತ್ರಿ ಮಲಗಿ ಎದ್ದುಹೋದರೆ ಆ ನೆಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಕುರಿಹಿಂಡಿಗೆ ಕಲ್ಯಾಣ ಮಂಟಪಕ್ಕಿಂತ ಹೆಚ್ಚು ಬೇಡಿಕೆ. ಅಪ್ಪ ಸಂಕ್ರಾಂತಿಯಿಂದಲೇ ಬೀರಪ್ಪಣ್ಣನೆಂಬ ಕುರಿಗಾರನ ಬೆನ್ನು ಹತ್ತಿ ಪಾಳಿ ಹಿಡಿದಿದ್ದ. ಅಪ್ಪ ಅವ್ವ ನೆಂಟರೊಬ್ಬರ ನಿಶ್ಚಿತಾರ್ಥಕ್ಕೆಂದು ಹರಪನಹಳ್ಳಿಗೆ ಹೋದ ದಿನವೇ ಬೀರಪ್ಪಣ್ಣನ ಫೋನು ಬಂತು: ಮೂಡಲ ಕಡೆಯಿಂದ ಹಿಂಡು ಬೇಗ ಬಂದಿದೆ, ಇವತ್ತು ಒಂದೇ ರಾತ್ರಿ, ಬೆಳಗಾದರೆ ಹಡಗಲಿ ಕಡೆಗೆ ಹೊಳೆದಂಡೆಗೆ ಹೊರಟುಬಿಡುತ್ತೇವೆ.

ಅಪ್ಪ ಫೋನಿನಲ್ಲೇ ಒದ್ದಾಡಿದ. ಅಜ್ಜಿಯನ್ನು ಸ್ಕೂಟಿಯ ಮೇಲೆ ಕೂರಿಸಿಕೊಂಡು ಹೋಗು, ಅವಳು ತೋರಿಸುತ್ತಾಳೆ ಎಂದ. ತೋರಿಸುವುದು ಬೇಡ, ಗುರುತು ಹೇಳು ಸಾಕು ಎಂದೆ.

"ಮೂಲ್ಯಾಗ ಕೃಷಿ ಹೊಂಡ ಐತಿ ನೋಡು. ಅದ ನಮ್ದು. ಮರೀಬ್ಯಾಡವ್ವಾ, ಈ ವರ್ಷದ ಬೆಳಿ ಪೂರಾ ಅದರ ಮ್ಯಾಲೈತಿ."

ನಾನು ಫೋನಿನಲ್ಲಿ ಉಪಗ್ರಹದ ಚಿತ್ರ ತೆರೆದೆ. ಮೇಲಿನಿಂದ ನೋಡಿದರೆ ಥೇಟು ಆಟದ ಕಣಿವೆ! ಹಳ್ಳ, ದಾರಿ, ಚೌಕಾಕಾರದ ಹೊಲಗಳು. ಆ ಸಾಲಿನಲ್ಲಿ ಮೂಲೆಯಲ್ಲಿ ಹೊಂಡ ಇದ್ದದ್ದು ಒಂದೇ ಹೊಲಕ್ಕೆ. ಅನುಮಾನಕ್ಕೆ ಎಡೆಯೇ ಇಲ್ಲ. ಗುರುತು ಒತ್ತಿದೆ, ಬಾಣ ಬಂತು. ಅಜ್ಜಿ ಆಗಲೇ ಸೆರಗು ಕಟ್ಟಿಕೊಂಡು ಸ್ಕೂಟಿಯ ಹತ್ತಿರ ನಿಂತಿದ್ದಳು. ಬಾಯಿಮಾತಿನ ಸಾಕ್ಷಿಗಿಂತ ಚಿತ್ರದ ಸಾಕ್ಷಿ ದೊಡ್ಡದು ಎಂದು ವಿವರಿಸಿ ಅವಳನ್ನು ಒಳಗೆ ಕಳಿಸಿದೆ. ಅವಳು ಮತ್ತೆ ಹೊರಬಂದು ಕುರಿಗಾರರಿಗೆಂದು ರೊಟ್ಟಿಗಂಟು, ಜೋಳದ ಚೀಲ ಮಾತ್ರ ಸ್ಕೂಟಿಗೆ ಏರಿಸಿದಳು.

ಹೊಸಹಳ್ಳಿ ರಸ್ತೆಯಲ್ಲಿ ಹಿಂಡು ಸಿಕ್ಕಿತು. ಬೀರಪ್ಪಣ್ಣ ಗಾಡಿದಾರಿ ಹಿಡಿಯೋಣ ಎಂದ. ಆಟದಲ್ಲಿ ಯಾರೂ ತುಳಿಯದ ಜಾಗಕ್ಕೆ ಕಾಲಿಟ್ಟರೆ ಏನಾದರೂ ಲಾಭ ಇದ್ದೇ ಇರುತ್ತದೆ. ಆದ್ದರಿಂದ ಹಳ್ಳದೊಳಗಿಂದ ಅಡ್ಡ ಹೋಗೋಣ ಎಂದು ನಾನು ನಿರ್ಣಯ ಮಂಡಿಸಿದೆ. ಒಣ ಹಳ್ಳದ ಮರಳಿನಲ್ಲಿ ಸ್ಕೂಟಿಯ ಹಿಂದಿನ ಗಾಲಿ ಹೂತುಕೊಂಡಿತು. ಇಳಿದು ನೂಕಿದೆ, ಮುಂದಿನ ಗಾಲಿಯೂ ಹೂತಿತು. ಇಡೀ ಹಿಂಡು ನನ್ನನ್ನೊಂದು ಬಂಡೆ ಎಂದು ತಿಳಿದು ಎರಡು ಕಡೆಯಿಂದ ಸಾಗಿಹೋಯಿತು. ಹಿಂದುಳಿದ ಕುರಿಗಳನ್ನು ಅಟ್ಟುವುದು ಹಿಂಡಿನ ನಾಯಿಯ ಕೆಲಸ. ಅದು ಕೊನೆಗೆ ನನ್ನನ್ನೂ ಬೊಗಳಿ ಬೊಗಳಿ ಹಿಂಡಿಗೆ ಸೇರಿಸಿತು! ಹಿಂಡಿನ ಹುಡುಗರು ಸ್ಕೂಟಿಯನ್ನು ಎತ್ತಿ ದಂಡೆಗೆ ಇಟ್ಟರು.

ಹೊತ್ತು ಮುಳುಗುವ ಮುಂಚೆ ಬಾಣ ನಿಂತಿತು. ಹೊಲ, ಮೂಲೆಯಲ್ಲಿ ಹೊಂಡ. ಎಲ್ಲ ಚಿತ್ರದಲ್ಲಿದ್ದಂತೆಯೇ. ಬೀರಪ್ಪಣ್ಣ ಮಾತ್ರ ಬದುವಿನ ಮೇಲೆ ಹತ್ತಿ ಆಚೆ ನೋಡಿದ.

"ಅಲ್ಲವ್ವಾ, ಅತ್ತಲಾಗಿನ ಹೊಲದಾಗೂ ಒಂದು ಹೊಂಡ ಕಾಣ್ತೈತಿ."

ನಾನು ಹೋಗಿ ನೋಡಬಹುದಿತ್ತು. ನಾಲ್ಕು ಹೆಜ್ಜೆ. ಆದರೆ ವಾದಿಸುವವರು ನಡೆಯುವುದಿಲ್ಲ, ಆಧಾರ ತೋರಿಸುತ್ತಾರೆ. ಫೋನು ಮುಂದೆ ಹಿಡಿದೆ. "ನೋಡಣ್ಣ, ಚಿತ್ರದಾಗ ಅಲ್ಲಿ ಹೊಂಡ ಇಲ್ಲ."

"ಕಣ್ಣಿಗೆ ಕಾಣ್ತೈತಲ್ಲವ್ವಾ."

ಕಣ್ಣು ಮೋಸ ಹೋಗುತ್ತದೆ, ಸಂಜೆಬೆಳಕು ಬೇರೆ, ಅದು ಮಣ್ಣು ತೆಗೆದ ಗುಂಡಿಯಿರಬೇಕು, ಇಷ್ಟಕ್ಕೂ ಆಕಾಶದಿಂದ ತೆಗೆದ ಚಿತ್ರಕ್ಕೆ ನಮ್ಮಿಬ್ಬರ ಮೇಲೆ ಯಾವ ದ್ವೇಷವಿದೆ ಎಂದು ನಾನು ಒಂದೊಂದಾಗಿ ಮಂಡಿಸುತ್ತ ಹೋದೆ. ಕುರಿಗಳು ಆಗಲೇ ಅಲ್ಲಲ್ಲಿ ಕೂರುತ್ತಿದ್ದವು. ಕೊನೆಗೆ ಅವನು ಕಂಬಳಿ ಹಾಸಿ, "ಆತು ಬಿಡವ್ವಾ, ನೀ ಹೇಳಿದ್ದ ಖರೆ," ಎಂದು ರೊಟ್ಟಿಗಂಟು ಬಿಚ್ಚಿದ. ಚರ್ಚೆ ಗೆದ್ದೆ!

ಗೆದ್ದವಳು ಸುಮ್ಮನೆ ಮನೆಗೆ ಹೋದಳೇ? ಇಲ್ಲ. ಹೊಲದ ತುಂಬ ಕುರಿ, ಮುಂದೆ ನಾನು, ಹಿಂದೆ ಹೊಂಡ, ಹೀಗೊಂದು ಫೋಟೋ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: "ನಮ್ಮ ಹೊಲದಲ್ಲಿ ಕುರಿ. ಇನ್ನು ಮುಂದೆ ಈ ಹೊಲದ ಜವಾಬ್ದಾರಿ ನನ್ನದು."

ಆ ಗುಂಪಿನಲ್ಲಿ ದೊಡ್ಡಪ್ಪನೂ ಇದ್ದಾನೆ. ಮಾತು ಬಿಟ್ಟವರು ಗುಂಪು ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಅವ್ವ ಬಸ್ಸಿಳಿದು ಮನೆಗೆ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಬಾಗಿಲಲ್ಲಿ ಬೈಕು ನಿಂತಿತು. ದೊಡ್ಡಪ್ಪ. ಒಂದು ಕೈಯಲ್ಲಿ ಫೋನು. ಪಾಲಾದ ಮೇಲೆ ಅವನು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ನೇರವಾಗಿ ಅಜ್ಜಿಯ ಮುಂದೆ ಕೂತ. ಅಣ್ಣ ತಮ್ಮ ಮಾತಾಡುವಂತಿಲ್ಲವಾದ್ದರಿಂದ ಇಬ್ಬರ ಮಾತೂ ಅಜ್ಜಿಯ ಮೂಲಕವೇ ಸಾಗಬೇಕಿತ್ತು.

"ಯವ್ವಾ, ನಿನ್ನ ಸಣ್ಣ ಮಗನ್ನ ಕೇಳು. ನನ್ನ ಹೊಲದಾಗ ಕುರಿ ನಿಲ್ಲಿಸಿ ನಮ್ಮ ಹೊಲ ಅಂತ ಬರದು ಹಾಕ್ಯಾರಲ್ಲ, ಇದು ಯಾವ ಲೆಕ್ಕ?"

ಅಪ್ಪ ಫೋಟೋ ನೋಡಿದ. ಅದು ದೊಡ್ಡಪ್ಪನ ಹೊಲ. ದೊಡ್ಡಪ್ಪನ ಹೊಂಡ. ನಮ್ಮ ಹೊಂಡ ತೋಡಿಸಿದ್ದು ಅದಕ್ಕಿಂತ ಎಷ್ಟೋ ಆಮೇಲೆ. ಉಪಗ್ರಹ ಆ ಚಿತ್ರ ತೆಗೆದಾಗ ಅದು ಹುಟ್ಟಿಯೇ ಇರಲಿಲ್ಲ. ಅಣ್ಣನಿಗೂ ಒಂದು ಹೊಂಡವಿದೆ ಎಂದು ಅಪ್ಪ ಹೇಳಿರಲಿಲ್ಲ, ಏಕೆಂದರೆ ಅಣ್ಣನ ಯಾವ ಸುದ್ದಿಯೂ ಅಪ್ಪನ ಬಾಯಲ್ಲಿ ಬರುತ್ತಿರಲಿಲ್ಲ. ಇತ್ತ ಬೀರಪ್ಪಣ್ಣ ನಸುಕಿನಲ್ಲೇ ಹಿಂಡು ಎಬ್ಬಿಸಿಕೊಂಡು ಹಡಗಲಿ ದಾರಿ ಹಿಡಿದಾಗಿತ್ತು. ಅಪ್ಪ ಸಂಕ್ರಾಂತಿಯಿಂದ ಕಾದ ಗೊಬ್ಬರ ಬದುವಿನ ಆಚೆ ಬಿದ್ದಿತ್ತು.

ತಪ್ಪಾಗಿದೆ, ಹೊಲ ಗೊತ್ತಾಗಲಿಲ್ಲ ಎಂದೆ. ಮುಗಿಯಬೇಕಿತ್ತು. ಆದರೆ ಅನುಮಾನ ಎಂಬುದು ನಮ್ಮ ಮನೆತನದ ಆಸ್ತಿ. ಪಾಲಿನಲ್ಲಿ ದೊಡ್ಡಪ್ಪನಿಗೂ ಸಮನಾಗಿ ಬಂದಿದೆ. ಪುಗಸಟ್ಟೆ ಯಾರಾದರೂ ದಾಯಾದಿಯ ಹೊಲಕ್ಕೆ ಗೊಬ್ಬರ ಹಾಕುತ್ತಾರೆಯೇ, ಇವತ್ತು ಕುರಿ, ನಾಳೆ ನೇಗಿಲು, ನಾಡಿದ್ದು ಕೋರ್ಟು, ಅದಕ್ಕೇ ಮಗಳನ್ನು ಕಾನೂನು ಓದಿಸುತ್ತಿರುವುದು ಎಂದು ಅವನು ಸರಪಳಿ ಕಟ್ಟಿದ. ಸರ್ವೇದವರನ್ನು ಕರೆಸುತ್ತೇನೆ ಎಂದು ಎದ್ದೇ ನಿಂತ. ಸರ್ವೇದವರು ಬಂದರೆ ಬದು ಮತ್ತೆ ಏಳುತ್ತದೆ, ಬದು ಎದ್ದರೆ ಈ ಜನ್ಮಕ್ಕೆ ಅಣ್ಣ ತಮ್ಮ ಕೂಡುವುದಿಲ್ಲ. ಅಜ್ಜಿಯ ಕೈ ಸೆರಗಿನ ಚುಂಗನ್ನು ಹಿಂಡುತ್ತಿತ್ತು.

ಹೀಗೆ ನನ್ನ ಜೀವನದ ಅತಿ ಮುಖ್ಯ ಚರ್ಚಾಸ್ಪರ್ಧೆ ನಮ್ಮ ಪಡಸಾಲೆಯಲ್ಲಿ ಏರ್ಪಟ್ಟಿತು. ವಿಷಯ: ನಾನು ದಡ್ಡಿ. ಪರವಾಗಿ, ನಾನು. ವಿರೋಧವಾಗಿ, ದೊಡ್ಡಪ್ಪ.

ನಾನು ಎಲ್ಲ ಶಕ್ತಿ ಹಾಕಿ ವಾದಿಸಿದೆ. ಉಪಗ್ರಹದ ಚಿತ್ರ ತೋರಿಸಿದೆ. ಬೀರಪ್ಪಣ್ಣ ಎರಡನೇ ಹೊಂಡ ತೋರಿಸಿದರೂ ನೋಡಲಿಲ್ಲ ಎಂದು ಒಪ್ಪಿಕೊಂಡೆ. ಹಳ್ಳದ ಮರಳು, ನಾಯಿ, ಯಾವುದನ್ನೂ ಮುಚ್ಚಿಡಲಿಲ್ಲ. ದೊಡ್ಡಪ್ಪ ಬಗ್ಗಲಿಲ್ಲ.

"ಇಷ್ಟು ಕಪ್ಪು ಗೆದ್ದ ಹುಡುಗಿ ಇಷ್ಟು ದಡ್ಡಿ ಅಂದ್ರ ನಾ ನಂಬಂಗಿಲ್ಲ. ಮೂಲ್ಯಾಗ ಹೊಂಡ ಐತಿ ಅಂತ ಯಾರದೋ ಹೊಲಕ್ಕ ನುಗ್ಗೋರು ಅದಾರೇನು?"

ನನ್ನ ಬುದ್ಧಿವಂತಿಕೆಯನ್ನು ಆ ಮನೆಯಲ್ಲಿ ಅಷ್ಟು ಬಲವಾಗಿ ಸಮರ್ಥಿಸಿದವನು ಅವನೊಬ್ಬನೇ. ಅದೇ ಸಂಕಟ! ಆಗ ಅಜ್ಜಿ ನನ್ನ ಫೋನು ಇಸಿದುಕೊಂಡು ಆಟವನ್ನು ತೆಗೆಸಿ ದೊಡ್ಡಪ್ಪನ ಮುಂದೆ ಹಿಡಿದಳು. ಗಾಳಿಗಿರಣಿ, ಜೇನಿನ ಕಾಡು, ಬೆಟ್ಟದ ಕೆರೆ, ಒಣಗಿದ ನನ್ನ ಕುಂಬಳ.

"ನೋಡಪ್ಪ, ಈಕಿ ಬೇಸಾಯ ಕಲಿತಿದ್ದು ಇಲ್ಲಿ. ಇದರಾಗ ಬದು ಇಲ್ಲ. ಎಲ್ಲಿ ಕಾಲಿಟ್ಟರೂ ಅದು ಈಕೀದ ಆಗತೈತಿ."

ದೊಡ್ಡಪ್ಪ ಬೆರಳಿನಿಂದ ಕಣಿವೆಯನ್ನು ಆಚೀಚೆ ಸರಿಸಿದ. ಕುಂಬಳದ ಹತ್ತಿರ ಬೆರಳು ನಿಂತಿತು. ಆಮೇಲೆ, ನಡುವೆ ಅಜ್ಜಿ ಇದ್ದಾಳೆಂಬುದನ್ನೇ ಮರೆತು, ಅಪ್ಪನ ಕಡೆ ತಿರುಗಿ ಕೇಳಿದ.

"ಖರೇನ ಏನೋ? ಇಷ್ಟು ದಡ್ಡಿ ಅದಾಳ?"

"ಹೂಂ ಅಣ್ಣ," ಎಂದ ಅಪ್ಪ. ಒಂದು ಕ್ಷಣವೂ ತಡಮಾಡಲಿಲ್ಲ.

ಪಾಲಾದ ಮೇಲೆ ಅಣ್ಣ ತಮ್ಮ ನೇರವಾಗಿ ಆಡಿದ ಮೊದಲ ಮಾತು ಅದು. ಒಮ್ಮತದ ನಿರ್ಣಯ ಕೂಡ. ಅವ್ವ ಒಳಗೆ ಹೋಗಿ ಒಗ್ಗರಣೆ ಮಂಡಕ್ಕಿಗೆ ಒಲೆ ಹಚ್ಚಿದಳು. ಅಜ್ಜಿ ಸೆರಗಿನ ಚುಂಗು ಬಿಟ್ಟಳು. ದೊಡ್ಡಪ್ಪ ಎರಡು ತಟ್ಟೆ ತಿಂದು, ಎಲೆಅಡಿಕೆ ಹಾಕಿಕೊಂಡು, ಬೈಕು ಹತ್ತುವಾಗ ಹೇಳಿದ.

"ತಮ್ಮಾ, ಬರೋ ವರ್ಷಾನೂ ಕುರಿ ನಿಲ್ಲಿಸಾಕ ಈಕಿನ್ನ ಕಳಿಸು."

ಅದಕ್ಕೆ ಅಪ್ಪ ನಕ್ಕ. ನಾನು ನಗಲಿಲ್ಲ. ಚರ್ಚೆ ಗೆದ್ದವಳು ನಾನು, ಯಾರಾದರೂ ಅಭಿನಂದಿಸಬೇಕಿತ್ತು.

ಬದು ಈಗಲೂ ಅಲ್ಲೇ ಇದೆ. ಅದರ ಬಗ್ಗೆ ಇಬ್ಬರೂ ಈಗ ನೇರವಾಗಿಯೇ ಜಗಳವಾಡುತ್ತಾರೆ. ಅಜ್ಜಿಗೆ ಬಿಡುವು ಸಿಕ್ಕಿದೆ. ಎದುರಾಳಿಗಳಿಗೆ "ಈ ಮಾಹಿತಿ ಯಾವ ವರ್ಷದ್ದು?" ಎಂದು ಕೇಳುವುದನ್ನು ನಾನೂ ನಿಲ್ಲಿಸಿಲ್ಲ. ಕೇಳುವಾಗ ದನಿ ಮಾತ್ರ ಸ್ವಲ್ಪ ಇಳಿಯುತ್ತದೆ.

ಮೊನ್ನೆ ಫೋನಿನಲ್ಲಿ ಉಪಗ್ರಹದ ಚಿತ್ರ ಹೊಸದಾಯಿತು. ಹೋದ ಮುಂಗಾರಿನ ಬೆಳೆ ನಿಂತಿದ್ದಾಗ ತೆಗೆದದ್ದು. ಈಗ ಎರಡು ಹೊಂಡಗಳೂ ಸ್ಪಷ್ಟವಾಗಿ ಕಾಣುತ್ತವೆ. ನಡುವೆ ಬದುವೂ ಕಾಣುತ್ತದೆ. ಬದುವಿನ ಆಚೆ ಮೆಕ್ಕೆಜೋಳ ಕಡುಹಸಿರು, ಈಚೆ ಹಳದಿಗೆ ತಿರುಗಿದ ಬಡಕಲು ಹಸಿರು. ನಮ್ಮ ಹೊಲ ಯಾವುದು ಎಂದು ಇನ್ನು ಆಕಾಶದಿಂದ ನೋಡಿದವರಿಗೂ ತಪ್ಪುವುದಿಲ್ಲ.