ಹಾಸಿಗೆ ಅಂಗಡಿಗೆ ಮೋಡ ಕವಿದದ್ದು

ಮೆತ್ತಣ್ಣನ ನೆಮ್ಮದಿ ಕೆಡಿಸಿದ್ದು ಒಂದು ಹಕ್ಕಿಗರಿ. ಅದೂ ನಿಜವಾದ ಗರಿಯಲ್ಲ, ಕಂಪ್ಯೂಟರಿನ ಪರದೆಯ ಮೇಲೆ ತೇಲುವ ಗರಿ.

ಮೆತ್ತಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವನ ಅಂಗಡಿಯ ಹಾಸಿಗೆ ಮೆತ್ತಗೆ, ಅವನು ಅದಕ್ಕಿಂತ ಮೆತ್ತಗೆ. ಯಾರು ಏನು ಹೇಳಿದರೂ ‘ಆಗಲಿ’ ಎನ್ನುವ ಪ್ರಾಣಿ. ‘ಸುಖನಿದ್ರೆ’ ಎಂಬ ಬೋರ್ಡಿನ ಕೆಳಗೆ ಅವನು ನೊಣ ಹೊಡೆಯುತ್ತಾ ಕೂತು ಎಷ್ಟೋ ಕಾಲವಾಗಿತ್ತು. ಹೀಗಿರುವಾಗ ಅಂದು ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಲಾಡ್ಜಿನ ಯಜಮಾನರ ಫೋನ್ ಬಂತು.

“ಎಲ್ಲಾ ರೂಮಿಗೂ ಹೊಸ ಹಾಸಿಗೆ ಹಾಕಿಸ್ಬೇಕು. ಊಟ ಮುಗಿಸ್ಕೊಂಡು ಬರ್ತೀನಿ. ನಿಮ್ಮ ವೆಬ್‌ಸೈಟ್ ಇದೆ ತಾನೆ? ವೆಬ್‌ಸೈಟ್ ಇಲ್ದಿರೋ ಅಂಗಡಿ ಜೊತೆ ನಾನು ವ್ಯವಹಾರ ಇಟ್ಕೊಳ್ಳಲ್ಲ.”

“ಇದೆ ಸಾರ್” ಎಂದುಬಿಟ್ಟ ಮೆತ್ತಣ್ಣ. ವೆಬ್‌ಸೈಟ್ ಇರಲಿಲ್ಲ. ಹೆಂಡತಿಯ ತಂಗಿಯ ಗಂಡ, ಅಂದರೆ ಅವನ ಷಡ್ಡಕ, ಕಂಪ್ಯೂಟರಿನ ವಿಷಯದಲ್ಲಿ ಆ ಮನೆತನಕ್ಕೆಲ್ಲ ಬೃಹಸ್ಪತಿ. ತಕ್ಷಣ ಅವನಿಗೆ ಫೋನ್ ಹೋಯಿತು.

“ಅಯ್ಯೋ ಅಣ್ಣ, ಅದೇನು ಬ್ರಹ್ಮವಿದ್ಯೆನಾ? ರೆಡಿಮೇಡ್ ಟೆಂಪ್ಲೇಟ್ ಪುಕ್ಕಟೆ ಸಿಗುತ್ತೆ. ಚಲಿಸೋ ಚಿತ್ರ ಎಲ್ಲಾ ಅದರಲ್ಲೇ ಇರುತ್ತೆ. ಹೆಸರು, ಫೋನ್ ನಂಬರ್ ನಿಂದು ಹಾಕು, ಮುಗೀತು. ಬಾಳೆಹಣ್ಣು ಸುಲಿದಂಗೆ.”

ಷಡ್ಡಕ ಕಳಿಸಿದ್ದನ್ನು ತೆರೆದಾಗ ಪರದೆಯ ತುಂಬ ತಿಳಿನೀಲಿ ಆಕಾಶ ಹರಡಿತು. ಆಗತಾನೆ ಹಿಂಜಿದ ಹತ್ತಿಯಂಥ ಮೋಡಗಳು ಒಂದರ ಹಿಂದೊಂದು ಬಂದವು. ನಡುವೆ ಬಿಳಿಯ ಗರಿಗಳು ತೊನೆಯುತ್ತಾ ಇಳಿದವು. ‘ನಿಮ್ಮ ಅಂಗಡಿಯ ಹೆಸರು ಇಲ್ಲಿ’ ಎಂಬ ಮಾತು ಒಂದು ಮೋಡದ ಮೇಲೆ ಕಾಲು ಚಾಚಿ ಕೂತಂತಿತ್ತು. ಮೆತ್ತಣ್ಣ ಅದನ್ನೇ ನೋಡುತ್ತಾ ಕೂತ. ಮುಂದಿದ್ದ ಚಹಾ ಕೆನೆಗಟ್ಟಿತು.

ಹೆಸರೇನೋ ಸಲೀಸಾಗಿ ಮೋಡ ಹತ್ತಿತು. ತೊಂದರೆ ಕೊಟ್ಟದ್ದು ಫೋನ್ ನಂಬರು. ಅದು ಹೋಗಿ ಗರಿಯ ಮೇಲೆ ಕೂತುಬಿಟ್ಟಿತು. ಗರಿ ಇಳಿಯಿತು, ನಂಬರೂ ಇಳಿಯಿತು. ಓದಿ ಮುಗಿಸುವಷ್ಟರಲ್ಲಿ ಪರದೆಯ ತಳ ಸೇರಿ ಮಾಯವಾಯಿತು.

“ಕೋಡ್ ಒಳಗೆ ಹೋಗು, ವೇಗದ ಅಂಕಿ ಇರುತ್ತೆ, ಕಡಿಮೆ ಮಾಡು” ಎಂದ ಷಡ್ಡಕ ಫೋನಿನಲ್ಲೇ.

ಒಳಗೆ ಹೋದರೆ ಗೋಡೆಯ ಮೇಲೆ ಇರುವೆ ಸಾಲು ಹರಿದಂತೆ ಅಕ್ಷರ, ಆವರಣ ಚಿಹ್ನೆ, ಚುಕ್ಕಿ. ಹುಡುಕಿ ಹುಡುಕಿ ಒಂದು ಅಂಕಿ ಹಿಡಿದು, ಎಂಟು ಇದ್ದದ್ದನ್ನು ಎರಡು ಮಾಡಿದ. ಮೋಡಗಳು ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡತೊಡಗಿದವು. ಗರಿಗಳು ಆಲಿಕಲ್ಲಿನಂತೆ ಸುರಿದವು. ಫೋನ್ ನಂಬರು ಮಿಂಚಿ ಮರೆಯಾಯಿತು.

ಅಷ್ಟರಲ್ಲಿ ಎದುರು ಸಲೂನಿನವನು ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಮರದ ಸ್ಟೂಲು ಹಿಡಿದೇ ಬಂದ. ಅವನ ಹಿಂದೆ, ಒಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೂ ಬಂದ. ಮಹಡಿಯ ಮೇಲಿನ ನಿವೃತ್ತ ಭೂಗೋಳದ ಮೇಷ್ಟ್ರು ಯಾರೂ ಕರೆಯದೆ ಇಳಿದು ಬಂದರು. ಎಲ್ಲರೂ ಮಾರಾಟದ ಹಾಸಿಗೆಗಳ ಮೇಲೆ ಸಿನಿಮಾಕ್ಕೆ ಬಂದವರಂತೆ ಕೂತರು.

“ನಿನ್ನ ಮೋಡ ಪೂರ್ವದಿಂದ ಪಶ್ಚಿಮಕ್ಕೆ ಹೋಗ್ತಿದೆ ಕಣಯ್ಯ” ಎಂದರು ಮೇಷ್ಟ್ರು. “ಈ ಕಾಲದಲ್ಲಿ ಗಾಳಿ ಹಂಗೆ ಬೀಸಲ್ಲ. ತಿಳಿದೋರು ನೋಡಿದ್ರೆ ನಗ್ತಾರೆ.”

“ಹಾಸಿಗೆ ತಗೊಳ್ಳೋರು ಗಾಳಿ ದಿಕ್ಕು ನೋಡ್ತಾರಾ ಮೇಷ್ಟ್ರೇ?”

“ನೋಡ್ಬೇಕು.”

ಆಗಲಿ ಎಂದ ಮೆತ್ತಣ್ಣ. ಷಡ್ಡಕನನ್ನು ಕೇಳಿ ದಿಕ್ಕು ತಿರುಗಿಸಿದ. ಮೋಡಗಳ ಜೊತೆ ಗರಿಗಳೂ ತಿರುಗಿದವು. ಈಗ ಅವು ಕೆಳಗಿನಿಂದ ಹೊರಟು ಮೇಲಕ್ಕೆ ಹೋಗತೊಡಗಿದವು. ಫೋನ್ ನಂಬರು ಸರ್ರನೆ ಆಕಾಶಕ್ಕೇರಿತು.

“ಇದೇನು ಹಾಸಿಗೆ ಅಂಗಡಿಯೋ, ಸ್ವರ್ಗಕ್ಕೆ ಟಿಕೆಟ್ ಕೊಡೋ ಜಾಗಾನೋ?” ಎಂದ ಸಲೂನಿನವನು. “ಗುಲಾಬಿ ಬಣ್ಣ ಬಳಿ, ಕಳೆ ಬರುತ್ತೆ.”

ಗುಲಾಬಿಯೂ ಆಯಿತು. ಆಕಾಶ ಒಸಡಿನಂತೆ ಕಂಡಿತು. ಮತ್ತೆ ನೀಲಿ ಮಾಡುವಾಗ ಅಂಗಡಿಯ ಹೆಸರು ಅಂಚಿನಾಚೆ ಜಾರಿ, ‘ನಿದ್ರೆ’ ಮಾತ್ರ ಉಳಿಯಿತು. ‘ಸುಖ’ ಎಲ್ಲಿ ಹೋಯಿತೋ ಸಿಗಲಿಲ್ಲ.

ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಮೆತ್ತಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ಊಟದ ಡಬ್ಬಿ ತಂದ ಹೆಂಡತಿ ಅವನ ಕುರ್ಚಿಯಲ್ಲಿ ಕೂತು ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು.

“ರೀ, ಅಂಕಿ ಸಣ್ಣದು ಮಾಡ್ದಾಗ ಓಡ್ತು ಅಂತೀರ. ಹಂಗಾದ್ರೆ ದೊಡ್ಡದು ಮಾಡಿ.”

ಯಾರಿಗೂ ಹೊಳೆಯದ ಮಾತು. ಮೆತ್ತಣ್ಣ ಎರಡರ ಮುಂದೆ ಸೊನ್ನೆ ಹಾಕಿದ. ಭಯಕ್ಕೆ ಮತ್ತೊಂದು ಹಾಕಿದ.

ಆಕಾಶ ನಿಧಾನಿಸಿತು. ಮೋಡಗಳು ಹಾಲು ಕುಡಿದ ಬೆಕ್ಕು ಅಂಗಳ ದಾಟುವಂತೆ ಹೊರಟವು. ಫೋನ್ ನಂಬರು ಹೊತ್ತ ಗರಿ ನಡು ಆಕಾಶದಲ್ಲಿ ತಂಗಿ, ಯಾರೋ ತೊಟ್ಟಿಲು ತೂಗಿದಂತೆ ಅತ್ತ ಒಲೆಯಿತು, ಇತ್ತ ಒಲೆಯಿತು.

“ಈಗ ಓದ್ಬಹುದು” ಎಂದ ಸಲೂನಿನವನು. ನಂಬರನ್ನು ಮೆಲ್ಲಗೆ ಓದತೊಡಗಿದ. ಐದನೆಯ ಅಂಕಿ ದಾಟಲಿಲ್ಲ. ಕತ್ತರಿ ಹಿಡಿದ ಕೈ ಮಡಿಲಿಗೆ ಬಿತ್ತು. ಗಾಳಿಯ ದಿಕ್ಕಿನ ಬಗ್ಗೆ ಶುರು ಮಾಡಿದ್ದ ಮೇಷ್ಟ್ರ ವಾಕ್ಯ ಕ್ರಿಯಾಪದ ಸಿಗದೆ ಗೊರಕೆಯಲ್ಲಿ ಮುಗಿಯಿತು. ಗಿರಾಕಿಯ ಕೆನ್ನೆಯ ನೊರೆ ಅಲ್ಲೇ ಒಣಗಿತು. ಹೆಂಡತಿ ಕುರ್ಚಿಯಲ್ಲೇ ತಲೆ ವಾಲಿಸಿದಳು. ಹೊರಗಿನ ಬಿಸಿಲು, ಗಾಡಿಗಳ ಸದ್ದು, ದೂರದಲ್ಲಿ ಯಾರೋ ಯಾರನ್ನೋ ಕರೆದದ್ದು, ಎಲ್ಲವೂ ನೀರಿನಡಿಯಿಂದ ಬಂದಂತೆ ಬಂದು ಕರಗಿದವು.

ಮೆತ್ತಣ್ಣ ಮೇಜಿಗೊರಗಿ ನಿಂತಿದ್ದ. ನಿಂತಲ್ಲೇ ಅವನ ಕಣ್ಣೂ ಮುಚ್ಚಿತು, ಮೇಲಕ್ಕೆ ತೇಲಿದ. ಅಂಗಡಿಯ ಹಾಸಿಗೆಗಳನ್ನೆಲ್ಲ ಒಂದೊಂದಾಗಿ ಮೋಡಗಳಿಗೆ ಹಾಸುತ್ತಾ ಹೋದ. ಯಾವ ಹಾಸಿಗೆಗೂ ತೂಕವಿರಲಿಲ್ಲ. ಒಂದು ಮುದಿ ಮೋಡ ಮಾತ್ರ ಮಗ್ಗುಲು ಬದಲಿಸಿ, “ಇದಕ್ಕಿಂತ ದಪ್ಪಂದು ಇದ್ಯಾ?” ಎಂದು ಕೇಳಿತು. “ಒಳಗಡೆ ಇದೆ, ತೋರಿಸ್ತೀನಿ” ಎಂದು ಮೆತ್ತಣ್ಣ ಹೇಳುತ್ತಿದ್ದಂತೆ ಮೋಡ ಕೆಮ್ಮಿತು.

ಕೆಮ್ಮಿದ್ದು ಲಾಡ್ಜಿನ ಯಜಮಾನರು. ಕೆಂಡದಂಥ ಕಣ್ಣು, ಅದರ ಕೆಳಗೆ ಚೀಲ ಕಟ್ಟಿದಂಥ ಕಪ್ಪು. ಬಾಗಿಲಲ್ಲಿ ನಿಂತು ಅವರು ಹಾಸಿಗೆಗೊಬ್ಬರಂತೆ ಮಲಗಿದ್ದ ಜನರನ್ನು ನೋಡುತ್ತಿದ್ದರು.

“ಇವರೆಲ್ಲಾ ಯಾರು?”

“ಗಿರಾಕಿಗಳು ಸಾರ್. ಹಾಸಿಗೆ ಪರೀಕ್ಷೆ ಮಾಡ್ತಿದ್ದಾರೆ” ಎಂದ ಮೆತ್ತಣ್ಣ. ಅವನ ಬಾಯಲ್ಲಿ ಇಂಥ ಜಾಣ ಮಾತು ಹಿಂದೆಂದೂ ಬಂದಿರಲಿಲ್ಲ.

“ಹ್ಞೂಂ. ನನ್ನ ಲಾಡ್ಜಲ್ಲಿ ಯಾರಿಗೂ ನಿದ್ದೆ ಬರಲ್ಲ ಅಂತ ದೂರು. ನನಗೂ ಬರಲ್ಲ. ವರ್ಷಗಟ್ಟಲೆ ಆಯ್ತು. ಎಲ್ಲಿ, ವೆಬ್‌ಸೈಟ್ ತೋರಿಸಿ.”

ಕೂರಿಸಲು ಜಾಗವಿರಲಿಲ್ಲ. ಸಲೂನಿನವನು ಬೆಳಿಗ್ಗೆ ತನ್ನ ಅಂಗಡಿಯಿಂದ ತಂದು ಕಾಲು ಚಾಚಿಕೊಂಡಿದ್ದ ಮರದ ಸ್ಟೂಲನ್ನೇ ಮೆತ್ತಣ್ಣ ಮೆಲ್ಲನೆ ಎಳೆದು ಕೊಟ್ಟ. ಯಜಮಾನರು ಕಂಬಕ್ಕೊರಗಿ ಕೂತು, ಅನುಮಾನದಿಂದ ಪರದೆಯನ್ನು ನೋಡಿದರು. ಒಂದು ಮೋಡ ಬಂತು. ಗರಿ ಅತ್ತ ಒಲೆಯಿತು, ಇತ್ತ ಒಲೆಯಿತು. ಯಜಮಾನರ ಗಲ್ಲ ಎದೆಗೆ ತಾಗಿತು.

ಒಬ್ಬೊಬ್ಬರೇ ಎಚ್ಚರವಾದಂತೆ ಮೆತ್ತಣ್ಣ ಅವರ ಬಾಯಿಗೆ ಕೈ ಅಡ್ಡ ಇಟ್ಟ. ಸಂಜೆಯ ಬೆಳಕು ಹೊಸ್ತಿಲವರೆಗೆ ಬಂದು ನಿಂತಿತು. ಎಲ್ಲರೂ ತೊಟ್ಟಿಲ ಸುತ್ತ ಕೂತ ನೆಂಟರಂತೆ ಯಜಮಾನರ ಮುಖವನ್ನೇ ನೋಡಿದರು. ಅದರ ಗಂಟುಗಳೆಲ್ಲ ಬಿಚ್ಚಿಕೊಂಡು ಅದು ಕೂಸಿನ ಮುಖದಂತಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅವರು ಕಣ್ಣು ಬಿಟ್ಟರು. ಕೈಕಾಲು ಮುಟ್ಟಿ ನೋಡಿಕೊಂಡರು.

“ನಿದ್ದೆ ಬಂತಲ್ರೀ” ಎಂದರು. “ಎಂಥ ನಿದ್ದೆ. ನಿಮ್ಮ ಉಪಕಾರ ಹೇಗೆ ತೀರಿಸ್ಲಿ?”

ಮೆತ್ತಣ್ಣನಿಗೆ ಹಾಸಿಗೆ ತುಂಬಿದ ಗಾಡಿಗಳು ಸಾಲಾಗಿ ಲಾಡ್ಜಿನ ಕಡೆ ಹೊರಟದ್ದು ಕಂಡಿತು. “ಹಾಸಿಗೆ ಯಾವತ್ತು ಕಳಿಸ್ಲಿ ಸಾರ್?”

“ಹಾಸಿಗೆ ಯಾಕ್ರೀ? ಬರೀ ಮರದ ಮೇಲೆ ಕೂತು ಇಂಥ ನಿದ್ದೆ ಬಂತು ಅಂದ್ಮೇಲೆ ಹಳೇ ಹಾಸಿಗೇನೇ ಧಾರಾಳ. ರೂಮು ರೂಮಲ್ಲೂ ಟಿವಿ ಇದೆ. ಈ ಮೋಡ ಹಾಕಿಸ್ತೀನಿ. ಇದಕ್ಕೆ ಏನು ಕೊಡ್ಬೇಕು ಹೇಳಿ.”

ಮೆತ್ತಣ್ಣ ಬಾಯಿ ತೆರೆಯುವ ಮೊದಲೇ ಹಾಸಿಗೆಯ ಮೇಲಿಂದ ಮೇಷ್ಟ್ರು ಹೇಳಿದರು: “ಕೊಡೋದೇನು, ಅದು ಪುಕ್ಕಟೆ. ಯಾರು ಬೇಕಾದ್ರೂ ತಗೋಬಹುದು. ಇವನ ಷಡ್ಡಕನ ನಂಬರ್ ಕೊಡ್ತೀನಿ, ಬರ್ಕೊಳ್ಳಿ.”

ಯಜಮಾನರು ಬರೆದುಕೊಂಡರು. ಎಲ್ಲರ ಕೈ ಕುಲುಕಿ ಬೀದಿಗಿಳಿದರು. ನಾಲ್ಕು ಹೆಜ್ಜೆ ಹೋದವರು ನಿಂತು, ಏನೋ ಯೋಚಿಸಿ ಮರಳಿ ಬಂದರು. ಮೆತ್ತಣ್ಣ ಬಿಲ್ ಪುಸ್ತಕ ಎತ್ತಿಕೊಂಡ.

“ಇಲ್ಲಿಂದ ಒಂದು ವಸ್ತು ಕೊಂಡ್ಕೊಂಡು ಹೋಗದೆ ಮನಸ್ಸು ಒಪ್ತಾ ಇಲ್ಲ” ಎಂದರು ಯಜಮಾನರು. “ಆ ಸ್ಟೂಲ್ ಕೊಡಿ.”

“ಅದು ನಂದು ಸಾರ್” ಎಂದು ಸಲೂನಿನವನು ಎದ್ದು ಮುಂದೆ ಬಂದ. “ಕುಳಿತ್ರೆ ಎಂಥೋರಿಗೂ ಜೋಂಪು ಹತ್ತುತ್ತೆ. ಇಂಥವು ಇನ್ನೂ ಬೇಕಾದ್ರೆ ಮಾಡಿಸಿ ಕೊಡ್ತೀನಿ.”

ಇಬ್ಬರೂ ಅಲ್ಲೇ ಕೂತು ಲಾಡ್ಜಿನ ರೂಮುಗಳ ಲೆಕ್ಕ ಹಾಕತೊಡಗಿದರು. ಹೆಂಡತಿ ಡಬ್ಬಿಯ ಊಟ ಬಿಸಿ ಮಾಡಲು ಒಳಗೆ ಹೋದಳು. ಮೆತ್ತಣ್ಣ ಸ್ಟೂಲನ್ನು ಒರೆಸಿ, ಹಾದಿಯಲ್ಲಿ ತರಚಬಾರದೆಂದು ಅದರ ನಾಲ್ಕು ಕಾಲಿಗೂ ಹತ್ತಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಯಜಮಾನರ ಕಾರಿನವರೆಗೆ ಹೊತ್ತು ಕೊಟ್ಟ.